ಒಂದು ಸೋಲಿಗಾಗಿ

ಕೋಚ್ ಮೇಡಂ ರ‍್ಯಾಕೆಟ್ಟಿನ ಹಿಡಿಗೆ ಹೊಸ ಗ್ರಿಪ್ ಸುತ್ತುತ್ತ ಅರ್ಧಕ್ಕೆ ಬಂದಿದ್ದರು. ಪಟ್ಟಿಯ ಒಂದು ತುದಿ ಹಲ್ಲಿನ ನಡುವೆ, ಇನ್ನೊಂದು ಹೆಬ್ಬೆರಳಿನ ಕೆಳಗೆ. ಇಂಥ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸಬಾರದು. ಅವರ ಮನೆಯವರಿಗೆ ಮಾತು ನೆನಪಾಗುವುದೇ ಇಂಥ ಹೊತ್ತಿನಲ್ಲಿ.

"ಇವತ್ತೇ ಅಲ್ವಾ ಫೈನಲ್ಲು?" ಅಂದರು ಗಂಡ, ಪೇಪರಿನ ಹಿಂದಿನಿಂದ.

"ಊಂ."

"ಗೆದ್ದ ತಕ್ಷಣ ಫೋನ್ ಮಾಡು. ಪಕ್ಕದ ಮನೆಯವರಿಗೆ ಹೇಳ್ಬೇಕು."

"ಊಂ."

ಸೋತರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಆ ಮನೆಯಲ್ಲಿ ಆ ಪದ ಬಳಕೆ ತಪ್ಪಿ ಎಷ್ಟೋ ವರ್ಷವಾಗಿತ್ತು.

ಮೇಡಂ ಕಾಲೇಜಿಗೆ ಸೇರಿದಾಗ ಅಲ್ಲಿ ಟೆನಿಸ್ ಅಂಗಳವೆಂದರೆ ಲೈಬ್ರರಿಯ ಹಿಂದಿನ ಬಿರುಕು ಬಿಟ್ಟ ಸಿಮೆಂಟ್ ನೆಲ. ನೆಟ್ ಎಂದರೆ ಹಾಸ್ಟೆಲಿನವರು ಬಟ್ಟೆ ಒಣಗಿಸುತ್ತಿದ್ದ ಹಗ್ಗ. ಈಗ ಪ್ರಿನ್ಸಿಪಾಲರ ಕೋಣೆಯಲ್ಲಿ ಹುಡುಗಿಯರು ಗೆದ್ದು ತಂದ ಕಪ್ಪುಗಳಿಗೆ ಜಾಗ ಸಾಲದೆ ಒಂದರೊಳಗೆ ಪೆನ್ನು, ಒಂದರೊಳಗೆ ಛತ್ರಿ, ಇನ್ನೊಂದರೊಳಗೆ ಒಂದು ಹಲ್ಲಿ ಸಂಸಾರ ಹೂಡಿದ್ದವು. ಮೊದಮೊದಲು ಪ್ರತಿ ಗೆಲುವಿಗೂ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲಾಮೇಲೆ ನಿದ್ದೆ ಬರತೊಡಗಿತು. ಹುಡುಗಿಯರಿಗೆ ಪ್ರತಿ ವರ್ಷವೂ ಹದಿನೆಂಟೇ. ವಯಸ್ಸು ಕೂಡುತ್ತ ಹೋಗುವುದು ಮೇಡಂಗೆ ಮಾತ್ರ. ಅದೇ ಎಡವಟ್ಟು ಬ್ಯಾಕ್‌ಹ್ಯಾಂಡು, ಅದೇ ಅಳು, ಅದೇ ತಾಯಂದಿರ ಫೋನು: "ನಮ್ಮ ಹುಡುಗಿ ಬಿಸಿಲಿಗೆ ಕಪ್ಪಾಗ್ತಿದಾಳೆ, ನೆರಳಲ್ಲಿ ಆಡಿಸೋಕಾಗಲ್ವಾ ಮೇಡಂ?"

ಸಾಕು ಅನ್ನಿಸಿತ್ತು. ದೊಡ್ಡ ಕಾರಣವೇನೂ ಇಲ್ಲ. ಸುಮ್ಮನೆ, ಸಾಕು.

ಪ್ರತಿ ವರ್ಷ ಕಪ್ಪು ಒಪ್ಪಿಸುವಾಗ ಅವರು ಪ್ರಿನ್ಸಿಪಾಲರಿಗೆ ಇದನ್ನೇ ಹೇಳುತ್ತಿದ್ದರು. ಪ್ರಿನ್ಸಿಪಾಲರ ಮಾತು ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥದು, ಕೇಳಿದವರು ಅಂಟಿಕೊಂಡು ಬಿಡಿಸಿಕೊಳ್ಳಲಾರರು. "ಗೆಲ್ಲೋ ಕೋಚನ್ನ ಯಾರಾದ್ರೂ ಬಿಡ್ತಾರಾ ಮೇಡಂ? ಕಮಿಟಿಯವರು ನನ್ನ ತಲೆ ತೆಗೀತಾರೆ. ಒಂದೇ ಒಂದು ಸಲ ಸೋತು ಬನ್ನಿ, ಅವತ್ತೇ ಬಿಡುಗಡೆ. ನಾನು ಮಾತಿಗೆ ತಪ್ಪೋನಲ್ಲ."

ಹುಡುಗಿಯರು ಸೋಲಬೇಕಲ್ಲ!

ಗ್ರಿಪ್ಪಿನ ಕೊನೆಯ ಸುತ್ತು ಉಳಿದಿತ್ತು, ಫೋನು ಹೊಡೆದುಕೊಂಡಿತು. ಹಾಸ್ಟೆಲಿನಿಂದ ವಾರ್ಡನ್.

"ಮೇಡಂ, ನಿಮ್ಮ ಕ್ಯಾಪ್ಟನ್ ಬಿದ್ದುಬಿಟ್ಲು. ಪಾದ ಊದಿ ಬನ್ ಥರ ಆಗಿದೆ."

"ಎಲ್ಲಿ ಬಿದ್ಲು?"

"ಕುರ್ಚಿ ಮೇಲಿಂದ. ಕಪ್ಪು ಎತ್ತೋವಾಗ ಫೋಟೋಗೆ ಹೇಗೆ ನಿಲ್ಲೋದು ಅಂತ ಪ್ರಾಕ್ಟೀಸ್ ಮಾಡ್ತಿದ್ಲಂತೆ. ಬಚ್ಚಲಮನೆ ಬಕೆಟ್ ತಲೆ ಮೇಲೆತ್ತಿಕೊಂಡು."

"ಬಕೆಟ್ಟಲ್ಲಿ ನೀರಿತ್ತಾ?"

"ಅರ್ಧ ಇತ್ತು."

ಇದು ತಮ್ಮ ಹುಡುಗಿಯರು ಮಾತ್ರ ಮಾಡಬಲ್ಲ ತಪ್ಪು ಅಂದುಕೊಂಡರು ಮೇಡಂ. ಸೋಲನ್ನು ಕಂಡವರು ಪಂದ್ಯದ ಬೆಳಿಗ್ಗೆ ಹೀಗೆ ಬಕೆಟ್ ಎತ್ತುವುದಿಲ್ಲ. ಅಯ್ಯೋ ಪಾಪ ಅಂದುಕೊಳ್ಳುತ್ತಿರುವಾಗಲೇ ಕ್ಯಾಪ್ಟನ್ ಜಾಗಕ್ಕೆ ಯಾರು ಎಂಬುದು ಹೊಳೆಯಿತು. ಗುಬ್ಬಿ! ಬೇರೆ ಯಾರೂ ಇಲ್ಲ. ನೀರಿನ ಬಾಟಲಿ ಹೊರುವ, ಚೆಂಡು ಹೆಕ್ಕುವ, ಎದುರಿಗಿರುವವಳು ಸೀನಿದರೆ "ಸಾರಿ" ಅನ್ನುವ ಗುಬ್ಬಿ. ಕಾಲೇಜಿಗೆ ಬಂದ ಮೇಲೆ ಒಂದೂ ಪಂದ್ಯ ಗೆದ್ದವಳಲ್ಲ.

ಮೇಡಂ ಎದೆಯೊಳಗೆ ಎಲ್ಲೋ ಒಂದು ಕಿಟಕಿ ತೆರೆದು ಗಾಳಿ ಆಡಿದಂತಾಯಿತು. ಮರುಕ್ಷಣವೇ ನಾಚಿಕೆಯೂ ಆಯಿತು. ತಾವೇನೂ ಸೋಲಿಸಲು ಹೊರಟಿಲ್ಲವಲ್ಲ, ಎಂದು ಗ್ರಿಪ್ಪಿಗೆ ಅಂಟು ಒತ್ತುತ್ತ ಸಮಾಧಾನ ಹೇಳಿಕೊಂಡರು. ಸೋಲಿಸುವುದಿಲ್ಲ, ಗೆಲ್ಲಿಸುವುದಕ್ಕೂ ಹೋಗುವುದಿಲ್ಲ. ಇವತ್ತು ಬಾಯಿಗೆ ಬೀಗ. ಕುರ್ಚಿಯಲ್ಲಿ ಕೂತು ಎದ್ದು ಬರುವುದು, ಅಷ್ಟೆ.

ಕಾಲೇಜು ಬಸ್ಸಿನಲ್ಲಿ ಸಾವಿನ ಮನೆಯ ಕಳೆಯಿತ್ತು. ಗುಬ್ಬಿ ಬ್ಯಾಗನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದಳು. ಕಾಲಿಗೆ ಪಟ್ಟಿ ಸುತ್ತಿಸಿಕೊಂಡ ಕ್ಯಾಪ್ಟನ್ ಅವಳ ಪಕ್ಕದಲ್ಲಿ ಕೂತು ಕಿವಿಯಲ್ಲಿ ಏನೋ ಪಾಠ ಹೇಳುತ್ತಿದ್ದಳು. ತಂಡದ ಮ್ಯಾನೇಜರ್ ಎಂದು ತಮ್ಮನ್ನು ತಾವೇ ನೇಮಿಸಿಕೊಂಡಿದ್ದ ಫಿಸಿಕ್ಸ್ ಮೇಷ್ಟ್ರು ಮೇಡಂ ಪಕ್ಕ ಬಂದು ಕೂತರು. ಜೀವಮಾನದಲ್ಲಿ ರ‍್ಯಾಕೆಟ್ ಹಿಡಿದವರಲ್ಲ, ಆದರೆ ಚೆಂಡು ಹೇಗೆ ಹಾರುತ್ತದೆಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಬಲ್ಲರು.

"ಆ ಕಡೆಯವಳು ಕರೆಂಟು ಕಂಬದಷ್ಟು ಎತ್ತರ ಇದಾಳಂತೆ. ಗುಬ್ಬಿ ಕೈಲಿ ಆಗುತ್ತಾ ಮೇಡಂ? ಏನು ಪ್ಲಾನು?"

"ಏನೂ ಇಲ್ಲ ಸಾರ್."

"ಆಹಾ!" ಮೇಷ್ಟ್ರು ಹಿಂದಿನ ಸೀಟಿಗೆ ತಿರುಗಿ ಪ್ರಿನ್ಸಿಪಾಲರಿಗೆ ಕಣ್ಣು ಹೊಡೆದರು. "ಹೇಳಲ್ಲ ಸಾರ್ ಇವರು. ಹೊಟ್ಟೇಲಿಟ್ಕೊಂಡಿದಾರೆ."

"ಹೇಳಬಾರದು," ಅಂದರು ಪ್ರಿನ್ಸಿಪಾಲರು. "ದೊಡ್ಡವರ ಕ್ರಮವೇ ಅದು."

ಪಂದ್ಯದ ಅಂಗಳದಲ್ಲಿ ಮೊದಲ ಸಿಂಗಲ್ಸ್ ಇವರದಾಯಿತು, ಡಬಲ್ಸ್ ಅವರದು. ಕಪ್ಪು ಯಾರದೆಂಬುದು ಕೊನೆಯ ಸಿಂಗಲ್ಸಿಗೆ ಉಳಿದು, ಗುಬ್ಬಿಯ ತಲೆ ಮೇಲೆ ಬಂದು ಕೂತಿತು. ಕಾಲೇಜು ತಂಡಗಳ ಪಂದ್ಯದಲ್ಲಿ ಕೋಚ್ ಅಂಗಳದ ಅಂಚಿನಲ್ಲೇ ಕುರ್ಚಿ ಹಾಕಿಕೊಂಡು ಕೂರಬಹುದು, ಆಟಗಾರ್ತಿಯರು ಬದಿ ಬದಲಿಸುವಾಗ ಮಾತು ಹೇಳಬಹುದು. ಮೇಡಂ ಕೂತರು. ಗುಬ್ಬಿ ಮೊದಲ ನಾಲ್ಕು ಚೆಂಡನ್ನು ನೆಟ್ಟಿಗೆ ಹೊಡೆದು, ನೆಟ್ಟಿಗೇ "ಸಾರಿ" ಅಂದಳು. ಆಮೇಲೆ ನೀರು ಕುಡಿಯಲು ಬಂದಳು.

"ಮೇಡಂ, ಏನ್ ಮಾಡ್ಲಿ?"

ಮೇಡಂ ನಾಲಗೆ ತುದಿಗೆ ಬಂದ ಪಾಠವನ್ನು ನುಂಗಿಕೊಂಡರು. "ನಿನಗೆ ತೋಚಿದ ಹಾಗೆ ಆಡಮ್ಮ" ಅಂದರು.

ಗುಬ್ಬಿ ಇಷ್ಟಗಲ ಕಣ್ಣು ಬಿಟ್ಟು, ಏನೋ ಅರ್ಥವಾದವಳಂತೆ ತಲೆಯಾಡಿಸಿ ಹೋದಳು. ಅಲ್ಲಿಂದ ಶುರುವಾಯಿತು ಗ್ರಹಚಾರ. ಪ್ರತಿ ಸರ್ವಿಗೂ ಮೊದಲು ಗುಬ್ಬಿ ತಿರುಗಿ ಇವರನ್ನು ನೋಡತೊಡಗಿದಳು, ಅಡುಗೆಮನೆ ಬಾಗಿಲಲ್ಲಿ ನಿಂತ ಬೆಕ್ಕಿನ ಹಾಗೆ.

ಬಿಸಿಲೇರಿತ್ತು. ಮೇಡಂ ಸೆರಗಿನಿಂದ ಹಣೆ ಒರೆಸಿಕೊಂಡರು. ಗುಬ್ಬಿ ಬಾಣದಂತೆ ನೆಟ್ಟಿನ ಹತ್ತಿರ ಓಡಿ ಚೆಂಡನ್ನು ಎದುರಿನ ಆ ಕರೆಂಟು ಕಂಬದ ಹುಡುಗಿಯ ಕಾಲ ಬುಡಕ್ಕೆ ಚಚ್ಚಿದಳು. ಪಾಯಿಂಟು! ಇದೆಲ್ಲಿಂದ ಬಂತು ಇವಳಿಗೆ ಎಂದು ಮೇಡಂ ಕನ್ನಡಕ ತೆಗೆದು ಉಜ್ಜಿದರು. ಗುಬ್ಬಿ ಚೆಂಡನ್ನು ಆಕಾಶಕ್ಕೆತ್ತಿದಳು. ಅದು ಕಂಬದ ತಲೆ ಮೇಲಿಂದ ಹೋಗಿ ಹಿಂದಿನ ಗೆರೆಯ ಒಳಗೆ ಬಿತ್ತು. ಜನ ಹೋ ಎಂದರು.

ಹೊತ್ತು ಹೋದಂತೆ ಮೇಡಂ ಮಂಡಿ ಹಿಡಿದುಕೊಂಡಿತು. ಕೂತರೆ ಅದರದು ಹಳೆಯ ರಗಳೆ. ಮೆಲ್ಲಗೆ ಉಜ್ಜಿಕೊಂಡರು. ಗುಬ್ಬಿಯ ಚೆಂಡು ನೆಟ್ ದಾಟಿದ್ದೇ ಸುಸ್ತಾಗಿ ಸತ್ತುಬಿತ್ತು. ಕಂಬ ಹಿಂದಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಡಿ ಮತ್ತೆ ನೋಯಿತು, ಮತ್ತೆ ಉಜ್ಜಿದರು, ಮತ್ತೆ ಚೆಂಡು ಸತ್ತಿತು. ಪಾಪ ಆ ಕಂಬಕ್ಕೆ ತಲೆ ಬುಡ ತಿಳಿಯಲಿಲ್ಲ. ಯಾವ ಹೊಡೆತದ ಹಿಂದೆ ಯಾವುದು ಬರುತ್ತದೆಂದು ಯಾರಾದರೂ ಅಂದಾಜು ಮಾಡಲು ಆ ಆಟಕ್ಕೆ ಒಂದು ಲೆಕ್ಕವಿದ್ದರೆ ತಾನೇ!

ಬೇಲಿಯಾಚೆಯಿಂದ ಫಿಸಿಕ್ಸ್ ಮೇಷ್ಟ್ರು ಪಿಸುಗುಟ್ಟಿದರು, "ಮೇಡಂ, ಕೋನ ಸ್ವಲ್ಪ ಜಾಸ್ತಿ ಮಾಡಕ್ಕೆ ಹೇಳಿ, ನಲವತ್ತೈದು ಡಿಗ್ರಿ..."

"ಸುಮ್ನಿರಿ ಸಾರ್," ಎಂದು ಮೇಡಂ ಎಡಗೈ ಬೀಸಿದರು.

ಗುಬ್ಬಿ ಎಡಕ್ಕೆ ಹೊಡೆದಳು. ಪಾಯಿಂಟು.

"ನೋಡಿದ್ರಾ, ನಾನು ಹೇಳಿದ್ದು ಕೆಲಸ ಮಾಡ್ತು!" ಮೇಷ್ಟ್ರು ಪಕ್ಕದಲ್ಲಿದ್ದ ಅಪರಿಚಿತರ ಕೈ ಕುಲುಕಿದರು.

ಕೊನೆಗೆ ಗುಬ್ಬಿಗೆ ಗೆಲ್ಲಲು ಒಂದೇ ಪಾಯಿಂಟು ಬಾಕಿ. ಮೇಡಂ ಕಣ್ಣೆದುರಿಗೇ ಬಿಡುಗಡೆಯ ಬಾಗಿಲು ಮುಚ್ಚುತ್ತಿತ್ತು. ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ, ತಾವು ಕದಲಿದಾಗಲೆಲ್ಲ ಏನೋ ಆಗುತ್ತಿದೆ ಎಂಬ ಗುಮಾನಿ ಬಂದಿತ್ತು. ಇನ್ನು ಅಲ್ಲಾಡಬಾರದು. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಕಲ್ಲಾಗಿ ಕೂತರು. ಕಂಬದ ಮೊದಲ ಸರ್ವ್ ನೆಟ್ಟಿಗೆ ಬಿತ್ತು. ಎರಡನೆಯದಕ್ಕೆ ಮುಂಚೆ ಗುಬ್ಬಿ ಇವರತ್ತ ನೋಡಿದಳು. ನೋಡಿ, ರ‍್ಯಾಕೆಟ್ ಕೆಳಗಿಳಿಸಿ ಬಸ್ಸಿಗೆ ಕಾಯುವವಳಂತೆ ನಿಂತುಬಿಟ್ಟಳು. ಎದುರಿನವಳು ಬೆರಗಾಗಿಯೇ ಎರಡನೆಯ ಸರ್ವ್ ಹೊಡೆದಳು. ಚೆಂಡು ಗೆರೆಯಿಂದ ಬೆರಳಗಲ ಆಚೆ ಬಿತ್ತು.

ಗೆದ್ದಾಯಿತು.

ಗುಬ್ಬಿ ಓಡಿಬಂದು ಮೇಡಂ ಕೊರಳಿಗೆ ಜೋತುಬಿದ್ದು ಬಿಕ್ಕಿಬಿಕ್ಕಿ ಅತ್ತಳು. "ಎಲ್ಲಾ ನಿಮ್ಮಿಂದ್ಲೇ ಮೇಡಂ, ಎಲ್ಲಾ ನೀವು ಹೇಳಿಕೊಟ್ಟಿದ್ದೇ."

"ನಾನೇನೇ ಹೇಳಿಕೊಟ್ಟೆ?"

ಕುಂಟುತ್ತ ಬಂದ ಕ್ಯಾಪ್ಟನ್ ನಕ್ಕಳು. "ನಮ್ಮ ಹತ್ರ ಯಾಕೆ ಮೇಡಂ ನಾಟಕ? ಹಣೆ ಒರೆಸಿದ್ರೆ ನೆಟ್ಟಿಗೆ ಓಡು. ಕನ್ನಡಕ ತೆಗೆದ್ರೆ ಎತ್ತಿ ಹೊಡಿ. ಆಕಳಿಸಿದ್ರೆ ನಿಧಾನಕ್ಕೆ ಆಡಿ ಅವಳನ್ನ ಸುಸ್ತು ಮಾಡು. ಮಂಡಿ ಉಜ್ಜಿದ್ರೆ ನೆಟ್ ಪಕ್ಕ ಇಳಿಸಿಬಿಡು. ಅಲ್ಲಾಡದೆ ಕೂತ್ರೆ ಚೆಂಡು ಹೊರಗೆ ಹೋಗುತ್ತೆ, ಮುಟ್ಟಬೇಡ. ನಮ್ಮ ಸೀನಿಯರ್ಸು ನಮಗೆ ಹೇಳಿಕೊಟ್ಟಿದ್ದು, ಅವರಿಗೆ ಅವರ ಸೀನಿಯರ್ಸು. ಇವತ್ತು ಬಸ್ಸಲ್ಲಿ ಇವಳಿಗೆ ನಾನು ಬಾಯಿಪಾಠ ಮಾಡಿಸ್ದೆ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ತಾವು ವರ್ಷಗಟ್ಟಲೆ ಬಾಯಿ ಒಣಗಿಸಿಕೊಂಡು ಹೇಳಿದ ಪಾಠ ಗಾಳಿಗೆ ಹೋಗಿತ್ತು. ಕಪಾಟು ತುಂಬ ಇದ್ದ ಕಪ್ಪುಗಳು ತಮ್ಮ ಬೆವರಿನವು, ಆಕಳಿಕೆಯವು, ಮಂಡಿನೋವಿನವು! ನಗು ಬಂತು. ನಗುವಿನ ಬೆನ್ನಿಗೇ ಮನೆಯ ನೆನಪೂ ಬಂತು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ ಇವರ ಯಾವ ಮಂಡಿ ನೋಯುತ್ತದೆಂದು ಗೊತ್ತಿಲ್ಲ. ಈ ಹುಡುಗಿಯರು ತಲೆಮಾರಿನಿಂದ ತಲೆಮಾರಿಗೆ ಇವರ ಒಂದೊಂದು ಕದಲಿಕೆಯನ್ನೂ ಕಣ್ಣಿನಲ್ಲಿ ಕಾಪಿಟ್ಟಿದ್ದರು. ನೋವೊಂದನ್ನು ಬಿಟ್ಟು ಎಲ್ಲ ತಿಳಿದುಕೊಂಡಿದ್ದರು.

ಆದರೂ ಇದರಲ್ಲೊಂದು ದಾರಿ ಇದೆ ಎಂದು ಅವರಿಗೆ ಹೊಳೆಯಿತು. ಸೋಲು ಸಿಗದಿದ್ದರೆ ಬೇಡ, ಸತ್ಯವಾದರೂ ಕೈಯಲ್ಲಿದೆಯಲ್ಲ. ಬಸ್ಸಿನ ಹತ್ತಿರ ಕಪ್ಪು ಅಪ್ಪಿಕೊಂಡು ನಿಂತಿದ್ದ ಪ್ರಿನ್ಸಿಪಾಲರನ್ನು ಪಕ್ಕಕ್ಕೆ ಕರೆದು, ಹಣೆ, ಕನ್ನಡಕ, ಮಂಡಿ, ನೊಣ ಎಲ್ಲವನ್ನೂ ಬಿಡಿಸಿ ಹೇಳಿದರು.

"ಅಂದ್ರೆ ಸಾರ್, ನಾನು ಏನೂ ಮಾಡೇ ಇಲ್ಲ. ಇವತ್ತು ಮಾತ್ರ ಅಲ್ಲ, ಯಾವತ್ತೂ ಮಾಡಿಲ್ಲ. ಇಂಥ ಕೋಚನ್ನ ಇಟ್ಕೊಂಡು ಏನು ಮಾಡ್ತೀರಿ? ಬಿಟ್ಟುಬಿಡಿ."

ಪ್ರಿನ್ಸಿಪಾಲರು ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಇಷ್ಟು ವರ್ಷದಲ್ಲಿ ಅವರು ಮಧ್ಯೆ ಬಾಯಿ ಹಾಕದೆ ಕೇಳಿದ್ದು ಇದೇ ಮೊದಲು. ಮೇಡಂಗೆ ಆಸೆ ಚಿಗುರಿತು.

"ಏನೂ ಮಾಡಲ್ವಾ?"

"ಏನೂ ಇಲ್ಲ."

"ಸುಮ್ನೆ ಕೂರೋದು?"

"ಸುಮ್ನೆ ಕೂರೋದು ಸಾರ್."

"ಮತ್ತೆ ಸುಸ್ತು ಎಲ್ಲಿಂದ ಬಂತು ಮೇಡಂ?" ಪ್ರಿನ್ಸಿಪಾಲರ ಮುಖ ಅರಳಿತು. "ಕೆಲಸದ ಹೊರೆ ಜಾಸ್ತಿ ಅಂತ ಬಿಡ್ತಿದೀರೇನೋ ಅಂದ್ಕೊಂಡು ನನಗೆ ಸಂಕಟ ಆಗ್ತಿತ್ತು. ಕೂರೋದೊಂದೇ ಅಂದ್ರೆ ಎಷ್ಟು ವರ್ಷ ಬೇಕಾದ್ರೂ ಕೂರಬಹುದಲ್ಲ! ಹೇಗೂ ಹುಡುಗರ ಟೀಮಿಗೆ ಕೋಚ್ ಇಲ್ಲ. ನಾಳೆಯಿಂದ ಅವರನ್ನೂ ನೀವೇ ನೋಡ್ಕೊಳ್ಳಿ."

ಹುಡುಗರ ಕೋಚು ಒಂದೇ ಸಮ ಸೋತು, ಕಳೆದ ತಿಂಗಳು ಬಿಡುಗಡೆ ಪಡೆದ ಪುಣ್ಯಾತ್ಮ. ಪ್ರಿನ್ಸಿಪಾಲರು ನಿಜಕ್ಕೂ ಮಾತಿಗೆ ತಪ್ಪುವವರಲ್ಲ.

ಬಸ್ಸು ಹೊರಟಿತು. ಹಿಂದಿನ ಸೀಟುಗಳಲ್ಲಿ ಹಾಡು, ಕಿರುಚಾಟ. ಹುಡುಗರ ಟೀಮಿನ ಸುದ್ದಿ ಆಗಲೇ ಅಲ್ಲಿಗೆ ತಲುಪಿತ್ತು. ಗುಬ್ಬಿ ಫೋನಿನಲ್ಲಿ ಆ ಹುಡುಗರಿಗೆ ಗತ್ತಿನಿಂದ ಹೇಳುತ್ತಿದ್ದಳು, "ಬರ್ಕೊಳ್ರೋ, ಹಣೆ ಒರೆಸಿದ್ರೆ ನೆಟ್ಟಿಗೆ ಓಡ್ಬೇಕು..." ಬೆಳಿಗ್ಗೆಯ ಗುಬ್ಬಿಯ ದನಿಯೇ ಅಲ್ಲ ಅದು. ಅದನ್ನು ಕೇಳಿ ಖುಷಿಪಡದೆ ಇರಲು ಮೇಡಂಗೆ ಆಗಲಿಲ್ಲ. ಅದಕ್ಕಾಗಿ ತಮ್ಮ ಮೇಲೆಯೇ ಸಿಟ್ಟೂ ಬಂತು.

ಬ್ಯಾಗಿನಲ್ಲಿ ಫೋನು ಗುನುಗಿತು. "ಗೆದ್ರಾ?" ಅಂದರು ಗಂಡ.

"ಗೆದ್ವಿ."

"ಗೊತ್ತಿತ್ತು. ಪಕ್ಕದ ಮನೆಯವರಿಗೆ ಮಧ್ಯಾಹ್ನವೇ ಹೇಳಿಬಿಟ್ಟೆ."

ಫೋನು ಇಟ್ಟು ಮೇಡಂ ಕಿಟಕಿಗೆ ತಲೆ ಆನಿಸಿದರು. ಮಂಡಿ ಒಂದೇ ಸಮ ಸಿಡಿಯುತ್ತಿತ್ತು. ಕೈ ತಾನಾಗಿ ಅಲ್ಲಿಗೆ ಹೊರಟು ಅರ್ಧದಲ್ಲೇ ನಿಂತಿತು. ಆಗ ಅವರಿಗೆ ಅನ್ನಿಸಿತು: ನಾಳೆ ಬೆಳಿಗ್ಗೆ ಅಂಗಳಕ್ಕೆ ಹೋಗುವುದಿಲ್ಲ. ಮೂಳೆ ಡಾಕ್ಟರ ಹತ್ತಿರ ಹೋಗಿ ಕಾಲು ಚಾಚಿ ಮಲಗುವುದು. ರಜೆ ಕೇಳುವುದಿಲ್ಲ, ಕಾರಣ ಹೇಳುವುದಿಲ್ಲ. ಖಾಲಿ ಕುರ್ಚಿ ನೋಡಿದರೆ ಯಾವ ಹೊಡೆತ ಹೊಡೆಯಬೇಕೆಂದು ಅವರೇ ತಲೆ ಕೆಡಿಸಿಕೊಳ್ಳಲಿ.

ಯಾರಿಗೂ ಹೇಳಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡು, ತುಟಿಯಂಚಿನ ನಗುವನ್ನು ನುಂಗಿಕೊಂಡು ಕೂತರು. ಹಿಂದಿನ ಸೀಟಿನವರ ಕಣ್ಣಿಗೆ ಬಿದ್ದರೆ ಅದಕ್ಕೂ ಒಂದು ಅರ್ಥ ಕಟ್ಟಿ ಇನ್ನೊಂದು ಕಪ್ಪು ಗೆದ್ದುಬಿಟ್ಟಾರು.