ಖಾಲಿ ಸೀಸೆಯಲ್ಲಿ ಗಂಟಲುಮಾರಿ

ಪರೀಕ್ಷೆಗಳಲ್ಲಿ ನಾನು ಎಂದೂ ಸೋತವನಲ್ಲ, ಎಸ್ಸೆಸ್ಸೆಲ್ಸಿ ಗಣಿತವೊಂದನ್ನು ಬಿಟ್ಟರೆ. ಆದ್ದರಿಂದ ತೊಂಬತ್ತರ ದಶಕದ ಒಂದು ಡಿಸೆಂಬರಿನಲ್ಲಿ, ಚಾಮರಾಜಪೇಟೆಯ ನಮ್ಮ ಲ್ಯಾಬಿಗೆ ಅಂಚೆಯಲ್ಲಿ ಆ ಪುಟ್ಟ ಸೀಸೆ ಬಂದಾಗ ನನ್ನ ಎದೆ ಸ್ವಲ್ಪವೂ ನಡುಗಲಿಲ್ಲ.

ರೋಗಿಗಳ ಕಫದಲ್ಲಿ, ಗಂಟಲಲ್ಲಿ ಯಾವ ರೋಗಾಣು ಇದೆಯೆಂದು ಹೇಳುವುದು ನಮ್ಮ ಕಸುಬು. ನಾವು ಹೇಳುವುದು ನಿಜವೋ ಬುರುಡೆಯೋ ಎಂದು ನೋಡಲು ಹೊರಗಿನ ದೊಡ್ಡ ಲ್ಯಾಬೊಂದು ನಮ್ಮಂಥ ಎಲ್ಲ ಲ್ಯಾಬುಗಳಿಗೂ ವರ್ಷಕ್ಕೆ ಕೆಲವು ಸಲ ಗುಟ್ಟಿನ ಸ್ಯಾಂಪಲ್ ಕಳಿಸುತ್ತಿತ್ತು. ಒಳಗೇನಿದೆ ಎಂದು ಕಂಡುಹಿಡಿದು ಬರೆದರೆ ಅವರು ಅಂಕ ಕೊಡುತ್ತಿದ್ದರು.

ಮೊದಲೆಲ್ಲ ಇದನ್ನು ನೋಡುತ್ತಿದ್ದವರು ನಮ್ಮ ಮುಖ್ಯಸ್ಥೆ ಸುಶೀಲಾ ಮೇಡಂ. ಹನ್ನೆರಡು ವರ್ಷ ಅವರ ಪಕ್ಕದಲ್ಲಿ ಕೂತು ಕೆಲಸ ಕಲಿತೆ. ನನ್ನ ರಿಪೋರ್ಟಿಗೆ ಸಹಿ ಹಾಕಿದರೇ ಹೊರತು ಒಂದು ದಿನವೂ ‘ಚೆನ್ನಾಗಿದೆ’ ಎನ್ನಲಿಲ್ಲ. ಆ ಜೂನಿನಲ್ಲಿ ನಿವೃತ್ತರಾಗಿ ಬಸವನಗುಡಿಯ ಮನೆ ಸೇರಿದರು. ಕುರ್ಚಿ ನನಗೆ ಬಂತು, ಆದರೆ ಅವರ ಬೈಗುಳವಿಲ್ಲದೆ ಲ್ಯಾಬು ಬಿಕೋ ಎನ್ನುತ್ತಿತ್ತು. ಪೂರ್ತಿ ಅಂಕ ತೆಗೆದು, ಆ ಕಾಗದ ಅವರ ಮುಂದಿಟ್ಟು, ಆ ಒಂದು ಮಾತು ಕೇಳಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಸೀಸೆಯ ಜೊತೆ ಚೀಟಿಯಿತ್ತು: ‘ಗಂಟಲುನೋವಿನ ಮಗುವಿನದೆಂದು ತಿಳಿಯಿರಿ. ದಿನನಿತ್ಯದ ಸ್ಯಾಂಪಲ್ಲಿನಂತೆಯೇ ಪರೀಕ್ಷಿಸಿರಿ.’

ದಿನನಿತ್ಯದಂತೆ! ಬೀಗರು ಬಂದಾಗ ದಿನನಿತ್ಯದ ತಟ್ಟೆ ಇಡುತ್ತೇವೆಯೇ? ರಾಹುಕಾಲ ಕಳೆಯುವವರೆಗೆ ಕಾದು, ಇನ್‌ಕ್ಯುಬೇಟರಿಗೆ ಕುಂಕುಮವಿಟ್ಟು, ಸೀಸೆ ತೆರೆದು, ಒಳಗಿದ್ದುದನ್ನು ಪ್ಲೇಟಿಗೆ ಸವರಿ ಬೆಳೆಯಲು ಇಟ್ಟೆ.

ಎರಡು ದಿನದ ಮೇಲೆ ಟೆಕ್ನಿಷಿಯನ್ ರುಕ್ಮಿಣಿ ಪ್ಲೇಟು ನೋಡಿದಳು.

“ಸರ್, ಇದ್ರಲ್ಲಿ ರೋಗದ್ದೇನೂ ಇಲ್ಲ. ಎಲ್ಲರ ಗಂಟ್ಲಲ್ಲೂ ಇರೋ ಸಾಧು ಬ್ಯಾಕ್ಟೀರಿಯಾ ಅಷ್ಟೇ. ನಾರ್ಮಲ್ ಅಂತ ಬರ್ದ್ಬಿಡಿ.”

ನನಗೂ ಹಾಗೆಯೇ ಕಂಡಿತ್ತು. ಅಲ್ಲಿಗೇ ಬರೆದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ವಿಮಲಾ ಪಕ್ಕದ ಮನೆಯವರ ಪಾತ್ರೆಗೆ ಸಕ್ಕರೆ ಹಾಕುತ್ತಿದ್ದಳು.

“ಧನುರ್ಮಾಸದ ಹುಗ್ಗಿ ಕೊಟ್ಟಿದ್ರು. ಪಾತ್ರೆ ಖಾಲಿ ಕಳ್ಸೋಕಾಗತ್ತಾ?” ಎಂದಳು.

ನನಗೆ ಜ್ಞಾನೋದಯವಾಯಿತು. ಪಕ್ಕದ ಮನೆಗೇ ಖಾಲಿ ಪಾತ್ರೆ ಕಳಿಸದ ನಾಡಿನಲ್ಲಿ, ಮೂರು ಸುತ್ತು ಹತ್ತಿ ಸುತ್ತಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಯಾರಾದರೂ ಖಾಲಿ ಸೀಸೆ ಕಳಿಸುತ್ತಾರೆಯೇ?

ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ಊಟಕ್ಕೂ ಏಳಲಿಲ್ಲ. ಹುಡುಕುವವನಿಗೆ ಸಿಗದೇ ಇರುತ್ತದೆಯೇ? ಸಾಧುಗಳ ನಡುವೆ ಕಡ್ಡಿಯಂಥ ಒಂದು ಬ್ಯಾಕ್ಟೀರಿಯಾದ ತುದಿ ಊದಿದಂತೆ ಕಂಡಿತು. ಗಂಟಲುಮಾರಿಯ, ಅಂದರೆ ಡಿಫ್ತೀರಿಯಾದ, ರೋಗಾಣು ಹೀಗೇ ಇರುತ್ತದೆ. ಅದರ ನಿರುಪದ್ರವಿ ದಾಯಾದಿಗಳೂ ಹೀಗೇ ಇರುತ್ತವೆ ಎಂಬುದನ್ನು ನಾನು ಆ ಹೊತ್ತಿಗೆ ಮರೆತಿದ್ದೆ.

“ಖಚಿತ ಮಾಡ್ಕೊಳ್ಳೋ ಟೆಸ್ಟ್ ಇನ್ನೊಂದಿದೆಯಲ್ಲಾ ಸರ್,” ಎಂದಳು ರುಕ್ಮಿಣಿ.

“ಉತ್ತರ ಕಳ್ಸೋಕೆ ನಾಳೆನೇ ಕೊನೇ ದಿನ ಕಣಮ್ಮ,” ಎಂದು ‘ಗಂಟಲುಮಾರಿ’ ಎಂದು ಬರೆದು ಎರಡು ಗೆರೆ ಎಳೆದೆ. ಮಗುವನ್ನು ತಕ್ಷಣ ಪ್ರತ್ಯೇಕವಾಗಿ ಇರಿಸಬೇಕೆಂದೂ ಸೇರಿಸಿದೆ. ಇಲ್ಲದ ಮಗುವಿನ ಮೇಲೆ ನನಗೆ ಅಷ್ಟು ಕಾಳಜಿ.

ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಸರಿಯುತ್ತರ: ರೋಗಾಣು ಇಲ್ಲ. ಗಂಟಲುಮಾರಿ ಎಂದ ಲ್ಯಾಬುಗಳು: ಒಂದು. ಅಂಕ: ಸೊನ್ನೆ.

ಆದರೂ ಆ ಕಾಗದ ಹಿಡಿದು ಬಸವನಗುಡಿಗೆ ಹೋದೆ. ವಿಮಲಾ ಎಂದಿನಂತೆ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ಕೊಟ್ಟಿದ್ದಳು. ಮೇಡಂ ಕನ್ನಡಕ ಏರಿಸಿಕೊಂಡು ಕಾಗದ ಓದಿದರು.

“ರುಕ್ಮಿಣಿ ಏನಂದ್ಲು?”

“ಏನೂ ಇಲ್ಲ ಅಂದ್ಲು ಮೇಡಂ.”

“ಮತ್ತೆ ನೀನ್ಯಾಕೆ ಹೀಗ್ ಬರ್ದೆ?”

“ಅಷ್ಟು ದೂರದಿಂದ ಖಾಲಿ ಸೀಸೆ ಕಳಿಸ್ತಾರಾ ಅಂತ...”

“ನಿಜವಾದ ಮಗು ಆಗಿದ್ದಿದ್ರೆ ಅದರ ತಾಯಿ ಗತಿ ಏನಯ್ಯಾ? ಇಲ್ಲ ಅನ್ನೋದೂ ಒಂದು ಉತ್ತರ. ಹನ್ನೆರಡು ವರ್ಷ ಇನ್ನೇನ್ ಕಲಿಸ್ದೆ ನಿಂಗೆ?”

ಎಂಟು ತಿಂಗಳ ಮೇಲೆ ಆ ಬೈಗುಳ ಕಿವಿಗೆ ಬಿದ್ದದ್ದೇ ಕಣ್ಣು ತುಂಬಿಬಂತು. ಇನ್ನೂ ಸ್ವಲ್ಪ ಬೈಯಲಿ ಎನ್ನಿಸಿತು. ಅವರು ಒಳಗೆ ಹೋಗಿ ಡಬ್ಬಿ ತೊಳೆದು ತಂದುಕೊಟ್ಟರು.

ಮನೆಯಲ್ಲಿ ವಿಮಲಾ ಮುಚ್ಚಳ ತೆಗೆದು ನೋಡಿದಳು. “ಇದೇನ್ರೀ, ಮೇಡಂ ಖಾಲಿ ಡಬ್ಬಿ ಕೊಟ್ಟಿದಾರೆ? ಯಾವತ್ತೂ ಹಾಗ್ ಮಾಡೋರಲ್ಲ. ಮರ್ತಿರ್ಬೇಕು.”

“ಮರೆಯೋರಲ್ಲ. ಅದು ನಂಗೆ ಕಳ್ಸಿರೋ ಸ್ಯಾಂಪಲ್,” ಎಂದು ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಒಳಗೆ ಏನೂ ಇರಲಿಲ್ಲ. ಈ ಸಲ ಉತ್ತರ ಸರಿಯಾಗಿತ್ತು.

ಆದರೂ, ಮೂಲೆಯಲ್ಲಿ ಒಂದು ಹರಳು ಸಕ್ಕರೆಯಾದರೂ ಅಂಟಿರಬಹುದೇ ಎಂದು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ.