ಕರಡಿ ತಲೆಯಾಡಿಸಿದ ಪ್ರಕರಣ

ಬಲ್ಗೇರಿಯಾದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ‘ಹೌದು’ ಎಂದೂ, ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’ ಎಂದೂ ಅರ್ಥ. ಇದು ಮುತ್ತಜ್ಜರ ಕಾಲದಿಂದ ನಡೆದುಬಂದದ್ದು. ಈ ಕುರಿತು ಡ್ಯಾನ್ಯೂಬ್ ದಂಡೆಯ ಆ ಪಟ್ಟಣದ ಪುರಸಭೆಗೆ ಯಾವ ದೂರೂ ಬಂದಿರಲಿಲ್ಲ.

ಊರಿನ ಬೊಂಬೆಯಾಟದ ಮಂದಿರಕ್ಕೆ ಬೀಗ ಬಿದ್ದ ಮೇಲೆ, ಅಲ್ಲಿ ಬೊಂಬೆಗಳಿಗೆ ಅಂಗಿ ಹೊಲಿಯುತ್ತಿದ್ದ ರುಮ್ಯಾನಾ ಪುರಸಭೆಯ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಅನಿಮೇಷನ್ ಕಲಿಯಲು ಸೇರಿದಳು. ಮೊದಲ ಪಾಠ, ಚೆಂಡು ಪುಟಿಸುವುದು. ಅವಳ ಚೆಂಡು ನೆಲ ತೂರಿಕೊಂಡು ಪಾತಾಳಕ್ಕಿಳಿಯಿತು.

“ಅಕ್ಕಾ, ಚೆಂಡೆಲ್ಲಿ?” ಎಂದ ಮೇಷ್ಟ್ರು ಒಗ್ನ್ಯಾನ್. ಅವಳ ಮಗನ ವಯಸ್ಸಿನವನು.

“ಹೋಯ್ತಪ್ಪಾ. ಹೇಳ್ದೆ ಕೇಳ್ದೆ ಹೋಯ್ತು, ನಮ್ಮ ಥಿಯೇಟರ್ ಮ್ಯಾನೇಜರ್ ಥರ.”

ಆದರೂ ಹಟ ಬಿಡಲಿಲ್ಲ. ಮೊದಲ ಭಂಗಿ, ಕೊನೆಯ ಭಂಗಿ ನಾವು ಕೊಟ್ಟರೆ ನಡುವಿನದನ್ನು ಯಂತ್ರವೇ ತುಂಬಿಕೊಳ್ಳುತ್ತದೆ ಎಂಬ ಗುಟ್ಟು ತಿಳಿದ ದಿನ ಸಂಭ್ರಮಕ್ಕೆ ಅವಳಿಗೆ ಊಟ ಸೇರಲಿಲ್ಲ. ಪರೀಕ್ಷೆಗೆಂದು ಒಂದು ಕರಡಿಯನ್ನು ಮಾಡಿದಳು. ಕರಡಿಗೆ ಚೆಂದದ ಜಾಕೀಟೂ ಇತ್ತು.

ಸಾರ್ವಜನಿಕ ಹಣದಲ್ಲಿ ಕಲಿತ ವಿದ್ಯೆ ಸಾರ್ವಜನಿಕರಿಗೇ ಸಲ್ಲಬೇಕೆಂದು ಪುರಸಭೆ ತೀರ್ಮಾನಿಸಿತು. ಅದರಂತೆ, “ಲಿಂಡನ್ ಮರಗಳ ಉದ್ಯಾನವನ್ನು ಕಾರು ನಿಲ್ದಾಣ ಮಾಡೋಣವೇ?” ಎಂದು ಚೌಕದ ಪರದೆಯ ಮೇಲೆ ಕೇಳತಕ್ಕದ್ದು, ಕರಡಿ ಸ್ವಂತ ಬುದ್ಧಿಯಿಂದ ‘ಹೌದು’ ಎನ್ನತಕ್ಕದ್ದು. ಗುತ್ತಿಗೆ ಹಿಡಿದವನು ಮೇಯರರ ಭಾಮೈದ ಎಂಬುದು ಕೇವಲ ಕಾಕತಾಳೀಯ.

ರುಮ್ಯಾನಾಳ ಮನೆ ಉದ್ಯಾನದ ಎದುರಿಗೇ ಇತ್ತು. ಬೇಸಿಗೆಯಲ್ಲಿ ಆ ಬೀದಿಯ ಹೆಂಗಸರೆಲ್ಲ ಚಹಾಕ್ಕೆಂದು ಅಲ್ಲಿ ಲಿಂಡನ್ ಹೂವು ಬಿಡಿಸುತ್ತಿದ್ದರು. ಕರಡಿ ಒಪ್ಪದಿದ್ದರೆ ಪ್ರಮಾಣಪತ್ರವಿಲ್ಲ. ತಂತ್ರಾಂಶದಲ್ಲಿ ‘ಹೌದು’ ಎಂಬ ಸಿದ್ಧ ಚಲನೆಯೊಂದಿತ್ತು. ಪರದೇಶದವರು ಮಾಡಿದ್ದು, ತಲೆ ಮೇಲೆ ಕೆಳಗೆ ಆಡುತ್ತಿತ್ತು.

“ಇದನ್ನೇ ಒತ್ತಿಬಿಡ್ಲಾ?”

ಒಗ್ನ್ಯಾನ್ ಕಿಟಕಿಯತ್ತ ನೋಡುತ್ತ ಹೇಳಿದ: “ಹೌದು ಅಂತಾನೇ ಬರೆದಿದೆಯಲ್ಲಕ್ಕಾ. ಒತ್ತಿ.”

ಭಾನುವಾರ ಚೌಕದಲ್ಲಿ ಕರಡಿ ಇಡೀ ಊರಿನೆದುರು ತಲೆ ಮೇಲೆ ಕೆಳಗೆ ಆಡಿಸಿ ‘ಇಲ್ಲ, ಇಲ್ಲ’ ಎಂದಿತು. ಜನ ಶಿಳ್ಳೆ ಹಾಕಿದರು. ಪುರಸಭೆಯ ಕಾರ್ಯದರ್ಶಿ ಪೆಂಚೆವ್ ಅವಳನ್ನು ಕರೆಸಿದ.

“ಏನಮ್ಮಾ ಇದು? ಕರಡಿ ಬೇಡ ಅಂತಿದೆ!”

“ಇಲ್ಲ ಸಾರ್, ಒಪ್ಕೊಂಡಿದೆ. ಬೇಕಾದ್ರೆ ನೀವು ಕೊಡಿಸಿದ ತಂತ್ರಾಂಶಾನೇ ನೋಡಿ.”

ಪೆಂಚೆವ್ ನೋಡಿದ. ತಂತ್ರಾಂಶವನ್ನು ಯುರೋಪಿನ ಅನುದಾನದಲ್ಲಿ ಕೊಂಡಿದ್ದರು. ಅದು ತಪ್ಪೆಂದರೆ ಅನುದಾನ ವಾಪಸ್. ಆದ್ದರಿಂದ ತಪ್ಪು ಜನರ ಕತ್ತಿನಲ್ಲಿದೆಯೆಂದು ಪುರಸಭೆ ನೇಮಿಸಿದ ಸಮಿತಿ ಕಂಡುಕೊಂಡು ಪ್ರಕಟಣೆ ಹೊರಡಿಸಿತು:

“ಇನ್ನು ಮುಂದೆ ಪುರಸಭೆಯ ವ್ಯಾಪ್ತಿಯಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸುವುದನ್ನು ಸಮ್ಮತಿ ಎಂದು ಪರಿಗಣಿಸಲಾಗುವುದು. ಅಡ್ಡಡ್ಡ ಆಡಿಸುವುದೂ, ಪರಂಪರೆಯ ರಕ್ಷಣೆಯ ದೃಷ್ಟಿಯಿಂದ, ಸಮ್ಮತಿಯಾಗಿಯೇ ಮುಂದುವರಿಯುವುದು.”

ಉದ್ಯಾನದ ಬಗ್ಗೆ ಸಾರ್ವಜನಿಕ ಸಭೆ ಸೇರಿತು. ಜನ ಸಿಟ್ಟಿನಿಂದ ತಲೆಯನ್ನು ಮೇಲೆ ಕೆಳಗೆ ಆಡಿಸಿದರು; ಸಮ್ಮತಿ ಎಂದು ಬರೆದುಕೊಳ್ಳಲಾಯಿತು. ಗಾಬರಿಯಿಂದ ಅಡ್ಡಡ್ಡ ಆಡಿಸಿದರು, ಅದನ್ನೂ ಬರೆದುಕೊಳ್ಳಲಾಯಿತು. ರುಮ್ಯಾನಾ ಮಾತ್ರ ತಲೆ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು.

“ಬೇಡ ಅನ್ನೋಕೆ ಹೇಗೆ ಆಡಿಸ್ಬೇಕು ಸಾರ್?”

“ಅದಕ್ಕಿನ್ನೂ ನಿಯಮ ಬಂದಿಲ್ಲಮ್ಮಾ. ಬಂದ್ಮೇಲೆ ತಿಳಿಸ್ತೀವಿ.”

“ಬಾಯಲ್ಲಿ ಹೇಳ್ಬಹುದಾ?”

“ಇದು ತಲೆ ಎಣಿಕೆ,” ಎಂದ ಪೆಂಚೆವ್, ಬಹಳ ಸೌಜನ್ಯದಿಂದ.

ಅವಳು ಕೂತಳು. ಕೂತವರದ್ದು ಮೌನ ಸಮ್ಮತಿ.

ಮರಗಳನ್ನು ಕಡಿದರು. ರುಮ್ಯಾನಾಳಿಗೆ ಉನ್ನತ ಶ್ರೇಣಿಯ ಪ್ರಮಾಣಪತ್ರವೂ ಪುರಸಭೆಯಲ್ಲೇ ಕೆಲಸವೂ ಸಿಕ್ಕವು. ನದೀದಂಡೆ ಮಾರಾಟದ ಪ್ರಶ್ನೆಗೆ ಕರಡಿಯನ್ನು ಸಜ್ಜುಗೊಳಿಸಲು ಆದೇಶ ಬಂತು, ಸಜ್ಜುಗೊಳಿಸಿದಳು. ನಿಲ್ದಾಣದ ಉದ್ಘಾಟನೆಯ ದಿನ ಬಿಸಿಲು ಸುಡುತ್ತಿತ್ತು. ಊರವರೆಲ್ಲ ತಂತಮ್ಮ ಕಾರು ತಂದು ಸಾಲಾಗಿ ನಿಲ್ಲಿಸಿದರು.

“ಎಲ್ಲರಿಗೂ ಸಂತೋಷ ತಾನೇ?” ಎಂದರು ಮೇಯರ್.

ಎಲ್ಲರೂ ತಲೆಯಾಡಿಸಿದರು. ಹೇಗೆ ಆಡಿಸಿದರೆಂದು ಯಾರೂ ನೋಡಲಿಲ್ಲ.