ಆರ್ವಿಲ್ ಹಾಕಿದ ಬೀಗ

ಜನವರಿಯ ಒಂದು ಶನಿವಾರ ಬೆಳಿಗ್ಗೆ ಆರ್ವಿಲ್ ಟ್ಯಾಂಗನ್ ತನ್ನ ಮನೆಯ ವೈಫೈನಲ್ಲಿ ಯಾರ್ಯಾರಿದ್ದಾರೆ ಎಂದು ಇಣುಕಿ ನೋಡಿದ. ನೋಡಬಾರದಿತ್ತು. ಅವನ ಕಂಪ್ಯೂಟರಿನ ಪಕ್ಕದಲ್ಲೇ ಐಲಿಯ ಹೆಸರಿನ ಇನ್ನೊಂದು ಕಂಪ್ಯೂಟರು ಕಾಲು ಚಾಚಿ ಕೂತಿತ್ತು.

ಐಲಿ ಕಾಂಗಸ್ ಎಂದರೆ ಮೇಲಿನ ಮನೆಯ ವಿಧವೆ. ಎದುರಿಗೆ ಸಿಕ್ಕಾಗಲೆಲ್ಲ ಎಷ್ಟು ನಯವಾಗಿ ಮಾತಾಡಿಸುತ್ತಿದ್ದಳು!

ಅಮೆರಿಕದ ಸರೋವರದ ದಡದ ಡುಲೂತ್ ಊರಿನ ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಆರ್ವಿಲನ ಹೊಟ್ಟೆಪಾಡು; ಪ್ರಾಣವೆಲ್ಲ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಮೇಲೆ. ಅಂಗೈಯಗಲದ ಹಳೆಯ ಲಿನಕ್ಸ್ ಯಂತ್ರವೊಂದು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಬೀಗವಿಲ್ಲದ ವೈಫೈ ಆದರೆ ಅದು ಸಲೀಸಾಗಿ ಒಳಹೋಗುತ್ತಿತ್ತು. ಪಾಸ್‌ವರ್ಡ್ ಕೇಳಿದರೆ ಮಾತ್ರ, ಕರೆಯದೆ ಊಟಕ್ಕೆ ಬಂದವನನ್ನು ಯಾರ ಕಡೆಯವರು ಎಂದು ಕೇಳಿದ ಹಾಗೆ ತಡಬಡಾಯಿಸುತ್ತಿತ್ತು. ಅದರ ದೆಸೆಯಿಂದಲೇ ಮನೆಯ ವೈಫೈ ಇಷ್ಟು ದಿನ ಬಾಗಿಲು ತೆರೆದುಕೊಂಡಿತ್ತು.

ಆ ಸಂಜೆಯೇ ಊರಿನ ಲಿನಕ್ಸ್ ಬಳಗ ಅವನ ಮನೆಗೆ ಬರುವುದಿತ್ತು. ಹಳೆಯ ಯಂತ್ರದಲ್ಲೂ ಹೊಸ ಬಗೆಯ ಬೀಗ ಕೆಲಸ ಮಾಡುತ್ತದೆ, ತೋರಿಸುತ್ತೇನೆ ಎಂದು ಆರ್ವಿಲ್ ಎಲ್ಲರಿಗೂ ಬರೆದುಬಿಟ್ಟಿದ್ದ. "ಆಗಲಿಕ್ಕಿಲ್ಲ. ಆದರೂ ಕಾಫಿಗೆ ಬರುತ್ತೇವೆ" ಎಂದು ಬಳಗದ ಅಧ್ಯಕ್ಷೆ ಕೊರೀನ್ ಉತ್ತರಿಸಿದ್ದಳು.

ಆರ್ವಿಲ್ ತಡಮಾಡಲಿಲ್ಲ. ಕಂಪ್ಯೂಟರಿನಿಂದಲೇ, ವೈಫೈ ಹಂಚುವ ರೂಟರಿನ ಪುಟ ತೆರೆದ. ಪುಟದ ಬಣ್ಣ ಬದಲಾದಂತೆ ಕಂಡಿತು. ಕಂಪನಿಯವರು ಸುಧಾರಿಸಿರಬೇಕು ಎಂದುಕೊಂಡು ಗಟ್ಟಿಯಾದೊಂದು ಪಾಸ್‌ವರ್ಡ್ ಜಡಿದ. ಐಲಿಯ ಹೆಸರು ಮಾಯವಾಯಿತು. ಅವನಿಗೆ ಹಲ್ಲುನೋವು ಇಳಿದಷ್ಟು ಹಾಯೆನಿಸಿತು.

ಕಾಫಿ ಆರುವ ಮೊದಲೇ ಬಾಗಿಲು ಬಡಿಯಿತು.

"ಆರ್ವಿಲ್, ನಿನಗೆ ಕಂಪ್ಯೂಟರ್ ಗೊತ್ತಲ್ಲಪ್ಪಾ" ಎಂದಳು ಐಲಿ. "ನನ್ನ ಇಂಟರ್‌ನೆಟ್ ನಿಂತೇಹೋಗಿದೆ."

'ನನ್ನ' ಎಂಬ ಮಾತು ಆರ್ವಿಲನಿಗೆ ಬಹಳ ಹಿಡಿಸಿತು. "ಹೌದಾ? ಯಾವಾಗಿಂದ?" ಎಂದು ಕೇಳಿದ.

"ಈಗಷ್ಟೇ. ಇವತ್ತು ಡ್ವೇನನ ಹಡಗು ಬರ್ತಿದೆ ಕಣೋ. ಬಂದ್ರೆ ಚಳಿಗಾಲ ಮುಗಿಯೋವರೆಗೂ ಮನೇಲೇ ಇರ್ತಾನೆ ನನ್ನ ಮಗ. ದಡಕ್ಕೆ ಬರೋ ಹೊತ್ತು ಈಮೇಲ್ ಮಾಡ್ತೀನಿ, ಕಾರ್ ತಗೊಂಡು ಬಾ ಅಂದಿದ್ದಾನೆ. ಈ ಚಳೀಲಿ ನಡ್ಕೊಂಡು ಬಂದ್ರೆ ಮೂಗು ಉದುರಿಹೋಗುತ್ತೆ."

ಆರ್ವಿಲನ ಮನಸ್ಸು ಅರೆಕ್ಷಣ ಕರಗಿತು. ಆದರೆ ತತ್ವ ತತ್ವವೇ. "ಎಲ್ಲಾದಕ್ಕೂ ಇನ್ನೊಬ್ಬರನ್ನ ನಂಬ್ಕೋಬಾರ್ದು ಐಲಿಯವರೇ" ಎಂದ.

ಐಲಿಗೆ ಅರ್ಥವಾಗಲಿಲ್ಲ. "ಇರ್ಲಿ, ಬಿಡುವಾದಾಗ ಬಂದು ನೋಡು" ಎಂದು ಏಲಕ್ಕಿ ಹಾಕಿ ಸುಟ್ಟ ಬ್ರೆಡ್ಡು ಕೊಟ್ಟು ಹೋದಳು. ಆರ್ವಿಲ್ ಅದನ್ನು ಸಾಕ್ಷಿಯ ವಸ್ತುವಿನಂತೆ ಮೇಜಿನ ಮೇಲಿಟ್ಟ. ಮಧ್ಯಾಹ್ನದ ಹೊತ್ತಿಗೆ ಸಾಕ್ಷಿ ಮುಗಿದಿತ್ತು.

ಹೊಸ ಪಾಸ್‌ವರ್ಡಿಗೆ ಬಗ್ಗಿಸಲು ಹೋದರೆ ಜೇಬಿನ ಯಂತ್ರ ಮಾತ್ರ ಪಟ್ಟು ಬಿಡಲಿಲ್ಲ. ಒಂದು ತಂತ್ರಾಂಶ ಹಾಕಿದರೆ ಅದು ಇನ್ನೊಂದನ್ನು ಕೇಳಿತು. ಇನ್ನೊಂದನ್ನು ಹಾಕಿದರೆ ಜಾಗವಿಲ್ಲ ಎಂದಿತು. ಜಾಗಕ್ಕಾಗಿ ಆರ್ವಿಲ್ ತನ್ನ ಗಿರಾಕಿಗಳ ವಿಳಾಸಗಳನ್ನೆಲ್ಲ ಅಳಿಸಿದ. ಆಗ ಯಂತ್ರ, ತನ್ನ ಬದಿಗೆ ಸಿಕ್ಕಿಸಿದ ವೈಫೈ ಕಾರ್ಡೇ ಕಾಣುತ್ತಿಲ್ಲ ಎಂದಿತು.

ಅಷ್ಟರಲ್ಲಿ ಕಟ್ಟಡ ನೋಡಿಕೊಳ್ಳುವ ಗಾರ್ಡಿ ನುಗ್ಗಿದ. ಐಲಿ ಅವನಿಗೂ ದೂರು ಕೊಟ್ಟಿದ್ದಳು.

"ಏನಯ್ಯಾ ಇದು, ಕ್ಯಾಲ್ಕುಲೇಟರಾ?"

"ಮುಟ್ಟಬೇಡ ಗಾರ್ಡಿ!"

"ಸುಮ್ನಿರಯ್ಯಾ, ಹಳೇ ಸಾಮಾನಿಗೆಲ್ಲ ಎರಡೇಟು ಬಿದ್ರೆ ಸರಿಹೋಗುತ್ತೆ" ಎನ್ನುತ್ತ ಗಾರ್ಡಿ ಯಂತ್ರವನ್ನು ಮಂಡಿಗೆ ಬಡಿದ. ವೈಫೈ ಕಾರ್ಡು ಚಿಮ್ಮಿ ಕೋಣೆ ಬೆಚ್ಚಗಿಡುವ ಗೋಡೆಯ ಹೀಟರಿನ ಹಿಂದೆ ಬಿತ್ತು.

ಗಾರ್ಡಿ ಕೆಳಗೆ ಹೋಗಿ, ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಹಿಡಿಯುವ ಮೋಟು ಗಾಳ ತಂದ. ದಾರದ ತುದಿಗೆ ಚೂಯಿಂಗ್ ಗಮ್ ಅಂಟಿಸಿ ಇಳಿಬಿಟ್ಟು, ಉಸಿರು ಬಿಗಿಹಿಡಿದು ಕೂತ. ಮೊದಲು ಒಂದು ಕಾಲುಚೀಲ ಬಂತು. ಆಮೇಲೆ ಆರ್ವಿಲ್ ಹಿಂದಿನ ವರ್ಷ ಕಳೆದುಕೊಂಡಿದ್ದ ಹಲ್ಲಿನ ಸೆಟ್ಟು. ಕೊನೆಗೆ ಕಾರ್ಡು. ಒರೆಸಿ ಹಾಕಿದರೆ ಯಂತ್ರ ಅದನ್ನು ಗುರುತಿಸಿತು, ಪಾಸ್‌ವರ್ಡನ್ನೂ ಒಪ್ಪಿಕೊಂಡಿತು. ಯಾಕೆಂದು ಆರ್ವಿಲನಿಗೆ ಇವತ್ತಿಗೂ ತಿಳಿಯದು.

ಸಂಜೆ ಬಳಗ ಬಂತು. ಕಾಫಿಯ ವಾಸನೆಗೆ ಗಾರ್ಡಿಯೂ ಬಂದ. ವೈಫೈ ಪೂರ್ತಿ ಯಂತ್ರಕ್ಕೇ ಸಿಗಲೆಂದು ಆರ್ವಿಲ್ ತನ್ನ ದೊಡ್ಡ ಕಂಪ್ಯೂಟರನ್ನು ಆಫ್ ಮಾಡಿದ. ಯಂತ್ರದಲ್ಲಿ ಊರಿನ ಹವಾಮಾನದ ಪುಟ ನಿಧಾನವಾಗಿ ಮೂಡಿತು. ಕೊರೀನ್ ಕನ್ನಡಕ ಸರಿಪಡಿಸಿಕೊಂಡು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಒಪ್ಕೊಂಡೆ ಆರ್ವಿಲ್" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ವಿಲನ ಕಿವಿ ಕೆಂಪಾಯಿತು. "ಭದ್ರತೆ ಅನ್ನೋದು ಮನೆಯಿಂದಲೇ ಶುರುವಾಗ್ಬೇಕು. ನನ್ನ ಮನೇಲೇ ಒಂದು ಕಳ್ಳತನ..." ಎಂದು ಭಾಷಣ ತೆಗೆದ.

ಬಾಗಿಲು ತೆರೆಯಿತು. ಗಡ್ಡದ ತುಂಬ ಮಂಜಿನ ಹರಳು ಕಟ್ಟಿಕೊಂಡು, ಬಂದರಿನಿಂದ ನಡೆದೇ ಬಂದ ಡ್ವೇನ್ ನಿಂತಿದ್ದ. ಅವನ ಬೆನ್ನಿಗೆ ಐಲಿ.

"ಇಲ್ಲಿ ಕಂಪ್ಯೂಟರ್ ಬಲ್ಲವರಿದ್ದಾರಂತೆ" ಎಂದ ಡ್ವೇನ್, ಮರಗಟ್ಟಿದ ತುಟಿಗಳಿಂದ. "ಅಮ್ಮಂಗೆ ಬೇಸಿಗೇಲಿ ನಾನೇ ರೂಟರ್ ಹಾಕಿಕೊಟ್ಟಿದ್ದೆ. ಅದಕ್ಕೆ ಯಾರೋ ಪಾಸ್‌ವರ್ಡ್ ಜಡಿದಿದ್ದಾರೆ."

"ಮೇಲೆ ಹೋಗಿ ಆ ರೂಟರಿನ ಪ್ಲಗ್ ಕಿತ್ತುಬಿಡಪ್ಪಾ, ನೋಡೋಣ" ಎಂದಳು ಕೊರೀನ್, ಯಂತ್ರದಿಂದ ಕಣ್ಣು ತೆಗೆಯದೆ.

ಡ್ವೇನನ ಹೆಜ್ಜೆಗಳು ಮೆಟ್ಟಿಲೇರಿದವು. ಆರ್ವಿಲನ ಯಂತ್ರದಿಂದ ವೈಫೈ ಹೊರಟುಹೋಯಿತು.

"ಹಂಗಾದ್ರೆ ನಿನ್ನ ರೂಟರ್ ಎಲ್ಲಯ್ಯಾ?" ಎಂದು ಗಾರ್ಡಿ ಕಪಾಟು ತೆರೆದ. ಒಳಗೆ ಬೂಟು ಒಣಗಿಸುವ ಯಂತ್ರ ಬೆಚ್ಚಗೆ ಗುಂಯ್‌ಗುಡುತ್ತಿತ್ತು. ಮೊದಲ ಹಿಮ ಬಿದ್ದ ದಿನ ಅದರ ಪ್ಲಗ್ಗಿಗೆ ಜಾಗ ಬೇಕೆಂದು ಆರ್ವಿಲ್ ಕಿತ್ತಿದ್ದ ರೂಟರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಎರಡು ರೂಟರೂ ಒಂದೇ ಕಂಪನಿಯವು. ವೈಫೈ ಹೆಸರು, ರೂಟರಿನ ಪುಟ ತೆರೆಯುವ ಪಾಸ್‌ವರ್ಡ್ ಎಲ್ಲ ಕಾರ್ಖಾನೆಯಲ್ಲಿ ಇಟ್ಟದ್ದೇ. ಅಂದಿನಿಂದ ಇಂದಿನವರೆಗೂ ಅವನು ಐಲಿಯ ಇಂಟರ್‌ನೆಟ್ ಬಳಸಿದ್ದ.

"ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನಪ್ಪಾ?" ಎಂದಳು ಐಲಿ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆರ್ವಿಲ್ ಪಾಸ್‌ವರ್ಡ್ ಒಪ್ಪಿಸಿದ. "ಬೀಗ ಇರ್ಲಿ ಬಿಡು ಮಗಾ, ಒಳ್ಳೇದೇ" ಎಂದಳು ಐಲಿ, ಕೆಳಗಿಳಿದು ಬಂದ ಡ್ವೇನನಿಗೆ. ಡ್ವೇನ್ ಪಾಸ್‌ವರ್ಡ್ ಬದಲಾಯಿಸಿದ. ಹೊಸದನ್ನು ಆರ್ವಿಲನಿಗೆ ಹೇಳಲಿಲ್ಲ.

ಮಿಕ್ಕ ಮಾನ ಉಳಿಸಿಕೊಳ್ಳಲು ಆರ್ವಿಲ್ ತನ್ನ ರೂಟರಿಗೆ ವಿದ್ಯುತ್ ಕೊಟ್ಟು, ಬೀಗ ಹಾಕಲು ಪುಟ ತೆರೆದ. ಹುಡುಕಿದ. ಕೊರೀನ್ ಕೂಡ ಹುಡುಕಿದಳು.

"ಇದರಲ್ಲಿ ಆ ಹೊಸ ಬಗೆಯ ಬೀಗ ಇಲ್ವೇ ಇಲ್ಲ ಆರ್ವಿಲ್" ಎಂದಳು, ಡಾಕ್ಟರು ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ. "ನಿನ್ನ ರೂಟರ್ ಬಹಳ ಹಳೇದು."

ಅಷ್ಟರಲ್ಲಿ ಗಾರ್ಡಿ ಕೆಳಗಿನಿಂದ ಕಂಪ್ಯೂಟರನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಸೋಫಾದಲ್ಲಿ ಆರಾಮಾಗಿ ಕೂತಿದ್ದ.

"ನಿನ್ನ ಸಿಗ್ನಲ್ ಚೆನ್ನಾಗಿ ಬರ್ತಿದೆ ಕಣಯ್ಯಾ" ಎಂದ. "ಇದನ್ನ ಮಾತ್ರ ಮುಟ್ಟೋಕೆ ಹೋಗ್ಬೇಡ."